ಮೀನು ತೊಳೆದ ನೀರು

ನಾಲ್ಕನೆಯ ನೀರುದೋಸೆ ಬಾಳೆಲೆಯ ಮೇಲೆ ಬಿದ್ದಾಗ, ಈ ಮನೆಯ ಅನ್ನಕ್ಕೆ ತಾನು ಯೋಗ್ಯನಲ್ಲ ಎಂದು ಎಬನೇಜರ್ ಜತ್ತನ್ನನಿಗೆ ಖಚಿತವಾಯಿತು. ಆದರೂ ಕೈ ಅದರ ಪಾಡಿಗೆ ದೋಸೆಯನ್ನು ಮಡಚಿ, ಕಾಯಿಬೆಲ್ಲಕ್ಕೆ ಒತ್ತಿ, ಬಾಯಿಗೆ ಕೊಟ್ಟಿತು. ಪಶ್ಚಾತ್ತಾಪಕ್ಕೂ ಹಸಿವಿಗೂ ಒಂದೇ ಹೊಟ್ಟೆಯನ್ನು ಕೊಟ್ಟ ದೇವರ ಮೇಲೆ ಅವನಿಗೆ ಸಣ್ಣದೊಂದು ಸಿಟ್ಟು ಬಂತು. ಅವನು ಕುಶಾಲಪ್ಪ ಗೌಡರ ಈ ಜಗಲಿಗೆ ಬಂದದ್ದು ದೋಸೆಗಲ್ಲ, ಒಂದು ವಾಕ್ಯ ಹೇಳುವುದಕ್ಕೆ. ರಬ್ಬರ್ ತೋಟದ ದಾರಿಯುದ್ದಕ್ಕೂ ಅದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ: ಲೋಲಾಕ್ಷಿಯಕ್ಕ, ನನ್ನಿಂದ ಒಂದು ತಪ್ಪಾಗಿದೆ, ಬೆಳಿಗ್ಗೆ ನಾನು ಗೊತ್ತಿಲ್ಲದೆ ನಿಮ್ಮ ನಾಗಬನಕ್ಕೆ ಮೀನು ತೊಳೆದ ನೀರು ಬಿಟ್ಟೆ. ಇಷ್ಟೇ. ಅಂಚೆ ಕಾರ್ಡಿನಲ್ಲಿ ಹಿಡಿಸುವಷ್ಟು ಸಣ್ಣ ಮಾತು. ಆದರೆ ಅವನು ಮೆಟ್ಟಿಲು ಹತ್ತಿ ಬಾಯಿ ತೆರೆಯುವಷ್ಟರಲ್ಲಿ ಕುಶಾಲಪ್ಪರ ಹೆಂಡತಿ ಲೋಲಾಕ್ಷಿ, "ಬನ್ನಿ ಏಜೆಂಟ್ರೇ, ಕೂತ್ಕೊಳ್ಳಿ, ಬಿಸಿ ಉಂಟು" ಎಂದು ಎಲೆ ಹಾಕಿಯಾಗಿತ್ತು. ತೆರೆದ ಬಾಯಿಗೆ ದೋಸೆ ಬಿತ್ತು. ಬಾಯಿ ತುಂಬಿಕೊಂಡು ತಪ್ಪೊಪ್ಪಿಕೊಳ್ಳುವುದು ಮರ್ಯಾದೆಯಲ್ಲ ಎಂದು ನುಂಗಿದ. ನುಂಗಿದ ಮೇಲೆ ಇನ್ನೊಂದು ಬಿತ್ತು. ಹೀಗೆ ನಾಲ್ಕಾಯಿತು.

ಆದದ್ದಾದರೂ ಏನು? ಜತ್ತನ್ನನ ಹೆಂಡತಿ ಸುಗುಣಳ ಅಣ್ಣ ಸುದತ್ತ ಕರ್ಕಡ ಮಸ್ಕತ್ತಿನಿಂದ ಶಾಶ್ವತವಾಗಿ ಬಂದವನು ಸುಮ್ಮನೆ ಕೂರಲಾರದೆ ಒಂದು ಹಳೆಯ ಟೂರಿಸ್ಟ್ ಬಸ್ಸನ್ನು ಕೊಂಡು, ಬಂಟ್ವಾಳದ ಗ್ಯಾರೇಜೊಂದರಲ್ಲಿ ಅದನ್ನು ಮನೆ ಮಾಡಿಸಿದ್ದ. ಒಳಗೆ ಮಂಚ, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಹಿಂದೆ ಕಕ್ಕಸು. ಮೂಡುಬಿದಿರೆಯ ಕ್ರೈಸ್ತ ಸಭೆಯವರು ಹತ್ತು ಮಂದಿ ಅದರಲ್ಲಿ ಕೂತು ಮುಂಡಾಜೆಯಲ್ಲಿ ಜತ್ತನ್ನನ ವಿಮೆಯ ಗಿರಾಕಿ ಕುಶಾಲಪ್ಪರ ತೋಟದ ಹೊಳೆಬದಿಗೆ ಬಂದಿಳಿದದ್ದು ಮೂರು ದಿನದ ಅನ್ಯೋನ್ಯ ಕೂಟಕ್ಕೆ. ಮರದಡಿ ಹಾಡುವುದು, ಪ್ರಾರ್ಥಿಸುವುದು, ನೆರೆಯವರ ಜತೆ ಬೆರೆಯುವುದು. ಬೆರೆಯುವುದು ಎಂಬ ಶಬ್ದವನ್ನು ಕರ್ಕಡ ಬಹಳ ಯೋಚಿಸಿ ಆರಿಸಿದ್ದ. ಈಗಿನ ಕಾಲದಲ್ಲಿ ಸುವಾರ್ತೆ ಗಿವಾರ್ತೆ ಎಂದರೆ ಯಾರು ಎಲ್ಲಿಂದ ಓಡಿ ಬರುತ್ತಾರೋ ಗೊತ್ತಾಗುವುದಿಲ್ಲ. ಬಸ್ಸಿನ ಬದಿಗೆ ಆಸೆಪಟ್ಟು ಬರೆಸಿದ್ದ ಬೈಬಲಿನ ವಾಕ್ಯದ ಮೇಲೆ 'ಪ್ರಕೃತಿ ಪ್ರವಾಸ' ಎಂದು ಫ್ಲೆಕ್ಸ್ ಕಟ್ಟಿಸಿ, ಹೊರಡುವ ಮೊದಲು ಎಲ್ಲರನ್ನೂ ನಿಲ್ಲಿಸಿ ಹೇಳಿದ್ದ: "ಕರಪತ್ರ ಇಲ್ಲ, ಪುಸ್ತಕ ಇಲ್ಲ, ಬನ್ನಿ ಸೇರಿ ಅಂತ ಯಾರೂ ಬಾಯಿ ಬಿಡ್ಲಿಕ್ಕೆ ಇಲ್ಲ. ನಮ್ಮ ನಡತೆಯೇ ನಮ್ಮ ಕರಪತ್ರ. ಗೊತ್ತಾಯ್ತಲ್ಲ?" ಆಮೇಲೆ ಸೇವೆ ಹಂಚಿದ. ಸುಗುಣಳಿಗೆ ಒಲೆ. ಜತ್ತನ್ನನಿಗೆ ತೊಟ್ಟಿಯ ಕೆಳಗಿನ ಟ್ಯಾಂಕಿಯಲ್ಲಿ ತುಂಬುವ ಕೊಳೆನೀರನ್ನು ದಿನಾ ಬೆಳಿಗ್ಗೆ ಪೈಪು ಎಳೆದು ದೂರ ಬಿಟ್ಟು ಬರುವುದು. "ಕರ್ತನು ಶಿಷ್ಯರ ಕಾಲು ತೊಳೆದ ಹಾಗೆ ಅಂತ ತಿಳ್ಕೊ ಎಬ್ಬಿ" ಎಂದು ಹೆಗಲು ತಟ್ಟಿದ. ದೊಡ್ಡ ಕೆಲಸ ಕೊಡಲು ಮನಸ್ಸಿಲ್ಲದವರಿಗೆ ಜನ ಯಾವಾಗಲೂ ಕಾಲು ತೊಳೆದ ಉದಾಹರಣೆಯನ್ನೇ ಕೊಡುತ್ತಾರೆ ಎಂದು ಜತ್ತನ್ನ ಮನಸ್ಸಿನಲ್ಲೇ ಅಂದುಕೊಂಡ.

ಮೊದಲ ದಿನ ಸಂಜೆ ದಾರಿಯಲ್ಲಿ ಕೊಂಡ ಬಂಗುಡೆಯನ್ನು ಹೆಂಗಸರು ಹೊಳೆಯಲ್ಲಿ ತೊಳೆಯದೆ ಹೊಸ ತೊಟ್ಟಿಯ ಉಮೇದಿನಲ್ಲಿ ಬಸ್ಸಿನೊಳಗೇ ತೊಳೆದಿದ್ದರು. ರಾತ್ರಿಯಿಡೀ ಟ್ಯಾಂಕಿಯಲ್ಲಿ ಕೂತ ಆ ನೀರು ಬೆಳಿಗ್ಗೆ ಮುಖಕ್ಕೆ ಹೊಡೆಯುವಂತಿತ್ತು. ಜತ್ತನ್ನ ಮೂಗು ಮುಚ್ಚಿಕೊಂಡು ಪೈಪು ಎಳೆದು ತೋಟದ ಅಂಚಿಗೆ ಹೋದ. ಅಲ್ಲಿ ದೊಡ್ಡ ಮರಗಳು ಒತ್ತಾಗಿ ನಿಂತು ಬಳ್ಳಿ ಇಳಿಬಿಟ್ಟಿದ್ದವು. ತಂಪು ಜಾಗ, ತಗ್ಗು ಬೇರೆ, ನೆಲದ ತುಂಬ ತರಗೆಲೆ. ನೀರು ಹೀರುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ ಎಂದು ಪೈಪಿನ ಬಾಯಿ ಬಿಟ್ಟು, ತನ್ನ ಜಾಣತನಕ್ಕೆ ತಾನೇ ಮೆಚ್ಚಿ, ಒಂದು ಕೀರ್ತನೆಯ ರಾಗವನ್ನು ಗುನುಗಿದ. ನೀರು ತರಗೆಲೆಯನ್ನು ತಳ್ಳಿಕೊಂಡು ಹೋದ ಹಾಗೆ ಒಂದು ಕೆಂಪುಕಲ್ಲಿನ ಕಟ್ಟೆ ಕಂಡಿತು. ಕಟ್ಟೆಯ ಮೇಲೆ ಕಲ್ಲುಗಳು. ಕಲ್ಲುಗಳ ಮೇಲೆ ಹೆಡೆ, ಹೆಡೆಯ ಮೇಲೆ ಒಣಗಿದ ಅರಸಿನ. ನೀರು ಅವುಗಳ ಬುಡದಲ್ಲಿ ನಿಂತು ಬಂಗುಡೆಯ ಒಂದೆರಡು ಚಿಪ್ಪನ್ನು ಅಲ್ಲಿಗೆ ಬಿಟ್ಟು ಇಂಗಿತು. ಕಲ್ಲು, ಎಂದ ಜತ್ತನ್ನ. ಅವನ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಕಲ್ಲೆಂದೇ ಹೇಳುತ್ತ ಬಂದಿದ್ದರು. ಮುತ್ತಜ್ಜ ಅದನ್ನು ಕಲ್ಲು ಎಂದದ್ದಕ್ಕೇ ಮನೆ, ಗದ್ದೆ, ಅಣ್ಣತಮ್ಮಂದಿರು ಎಲ್ಲವನ್ನೂ ಬಿಟ್ಟಿದ್ದ. ಹಾಗೆ ಧೈರ್ಯ ತಂದುಕೊಂಡು ಕೆಳಗೆ ನೋಡಿದರೆ ಅವನ ಎರಡೂ ಚಪ್ಪಲಿ ಅಷ್ಟು ದೂರದಲ್ಲಿ ಬಿದ್ದಿದ್ದವು. ಯಾವಾಗ ಕಳಚಿದನೋ ಅವನಿಗೇ ಗೊತ್ತಿಲ್ಲ. ದೀಕ್ಷಾಸ್ನಾನ ತಲೆಗಾಗಿತ್ತು, ಕಾಲಿಗೆ ಇನ್ನೂ ಆಗಿರಲಿಲ್ಲ. ಅಷ್ಟರಲ್ಲಿ ಮೇಲಿನ ದಾರಿಯಿಂದ ಲೋಲಾಕ್ಷಿ, "ಏಜೆಂಟ್ರೇ, ದೋಸೆ ಆಗ್ತಾ ಉಂಟು, ಬನ್ನಿ" ಎಂದು ಕೂಗಿದಳು. ಅವನು ಪೈಪಿಗೆ ಅಡ್ಡವಾಗಿ ನಿಂತು, ನಗಲು ಹೋಗಿ, ಕೈಬೀಸಿದ.

"ಇನ್ನೊಂದು ಹಾಕ್ತೇನೆ" ಎಂದಳು ಲೋಲಾಕ್ಷಿ ಈಗ.

"ಬೇಡ ಅಕ್ಕ. ನನಗೊಂದು ಮಾತು ಹೇಳ್ಲಿಕ್ಕುಂಟು."

"ಹೇಳಿ."

ಅವಳು ಕಾವಲಿಯ ಸಟ್ಟುಗ ಹಿಡಿದುಕೊಂಡೇ ನಿಂತಳು. ಜತ್ತನ್ನನಿಗೆ ಸಟ್ಟುಗ ಕಂಡಿತು, ಅದನ್ನು ಹಿಡಿದ ಕೈ ಕಂಡಿತು, ಮಾತು ಮಾತ್ರ ಕಾಣಲಿಲ್ಲ. ಆಗಲೇ ಕುಶಾಲಪ್ಪ ಒಳಗಿಂದ ಬಂದು ಎದುರಿನ ಕುರ್ಚಿಯಲ್ಲಿ ಕೂತ. ಊರಿಗೆಲ್ಲ ತುಳುವಿನಲ್ಲಿ ಮಾತಾಡುವ ಜತ್ತನ್ನ, ಕುಶಾಲಪ್ಪ ಇಬ್ಬರೂ ತಮ್ಮೊಳಗೆ ಮಾತ್ರ ಕನ್ನಡ ಆಡುತ್ತಿದ್ದರು. ಅದಕ್ಕೆ ಕಾರಣ ಜತ್ತನ್ನನೇ. ವಿಮೆಯ ಮಾತನ್ನು ತುಳುವಿನಲ್ಲಿ ಹೇಳಿದರೆ ಹರಟೆಯಾಗುತ್ತದೆ, ಕನ್ನಡದಲ್ಲಿ ಹೇಳಿದರೆ ಜನ ರುಜು ಹಾಕುತ್ತಾರೆ ಎಂದು ಕಸುಬಿನ ಮೊದಲ ವರ್ಷವೇ ಕಂಡುಕೊಂಡಿದ್ದ. ಮೊದಲ ಪಾಲಿಸಿಯಿಂದ ಹಿಡಿದ ಕನ್ನಡವನ್ನು ಆಮೇಲೆ ಬಿಡಲು ಇಬ್ಬರಿಗೂ ಸಂಕೋಚ.

"ಜಾಗ ಎಲ್ಲ ಅನುಕೂಲ ಆಯ್ತಾ?" ಎಂದ ಕುಶಾಲಪ್ಪ. "ನೀವೆಲ್ಲ ಬಂದದ್ದು ಒಳ್ಳೇದಾಯ್ತು. ಮನೆಯಲ್ಲಿ ಸ್ವಲ್ಪ ಗಲಗಲ ಇರ್ಲಿ. ಮಗಳು ವಿಸ್ಮಿತಾ ಹೆರಿಗೆಗೆ ಬಂದಿದ್ದಾಳಲ್ಲ, ಒಳಗೇ ಕೂತು ಹೆದರ್ತಾಳೆ."

"ಹೆದರಿಕೆ ಯಾಕೆ?"

"ಮೊದಲ ಬಸುರು ನಿಲ್ಲಲಿಲ್ಲ ನೋಡಿ. ಜೋಯಿಸ ಬಲ್ಯಾಯರು ಪ್ರಶ್ನೆ ಇಟ್ಟಾಗ ನಾಗನದ್ದು ಅಂತ ಬಂತು. ಬನವನ್ನು ಸರಿ ನೋಡ್ಕೊಳ್ಳಿಲ್ಲ ಅಂತ. ಕಳೆದ ವರ್ಷ ಎಲ್ಲ ಚೊಕ್ಕ ಮಾಡಿ, ಆಶ್ಲೇಷಾ ಬಲಿ ಕೊಟ್ಟು, ಈಗ ದೇವರ ದಯೆಯಿಂದ ಏಳು ತಿಂಗಳು."

ಜತ್ತನ್ನ ಎಲೆಯನ್ನು ಮಡಚಿದ. ಇಷ್ಟು ಹೊತ್ತು ಅವನು ಹೆದರಿದ್ದು ಬೈಗಳಿಗೆ; ಈಗ ಬೇರೊಂದು ಹೆದರಿಕೆ ಶುರುವಾಯಿತು. ಹುಡುಗಿಗೆ ಏನೂ ಆಗಲಿಕ್ಕಿಲ್ಲ, ಆಗುವುದೂ ಬೇಡ. ಆದರೆ ಒಂದು ವೇಳೆ ಏನಾದರೂ ಆದರೆ? ಈ ಮನೆಯವರು ಪುನಃ ಪ್ರಶ್ನೆಗೆ ಕೂರುತ್ತಾರೆ. ಬಲ್ಯಾಯರ ಕವಡೆ ಏನು ಹೇಳುತ್ತದೋ, ಬನಕ್ಕೆ ಅಶುದ್ಧವಾಗಿದೆ ಎಂದು ಬಂದರೆ, ಯಾರಿಂದ ಎಂದು ಇವರು ತಮ್ಮೊಳಗೇ ಹುಡುಕುತ್ತಾರೆ. ಲೋಲಾಕ್ಷಿ ತನ್ನಿಂದ ಏನಾಯಿತು ಎಂದು ದಿನ ಎಣಿಸುತ್ತಾಳೆ. ಆ ಹುಡುಗಿ ತನ್ನ ಹೊಟ್ಟೆಯನ್ನೇ ಸಂಶಯಪಡುತ್ತಾಳೆ. ಮತ್ತು ಅವನು ಮುಂದಿನ ಕಂತಿಗೆ ಬ್ಯಾಗು ಹಿಡಿದುಕೊಂಡು ಬಂದು, ಇದೇ ಜಗಲಿಯಲ್ಲಿ ಕೂತು, ಅಯ್ಯೋ ಪಾಪ ಎನ್ನುತ್ತಾನೆ. ಹೇಳದೆ ಇಲ್ಲಿಂದ ಹೋಗುವ ಹಾಗೇ ಇಲ್ಲ ಎಂದು ಅವನಿಗೆ ತಿಳಿಯಿತು.

"ಏನೋ ಮಾತು ಉಂಟು ಅಂದ್ರಿ" ಎಂದಳು ಲೋಲಾಕ್ಷಿ.

"ಸಾಯಂಕಾಲ ನಮ್ಮ ಕೂಟಕ್ಕೆ ಬನ್ನಿ ಅಂತ" ಎಂದುಬಿಟ್ಟ ಜತ್ತನ್ನ. ಇಡೀ ಜೀವಮಾನದಲ್ಲಿ ಅವನು ಸಭೆಯ ಹೊರಗಿನವರನ್ನು ಕೂಟಕ್ಕೆ ಕರೆದದ್ದು ಇದೇ ಮೊದಲು. ಗಂಡಹೆಂಡತಿ ಪರಸ್ಪರ ನೋಡಿಕೊಂಡರು. "ಬರುವ, ಅದಕ್ಕೇನು" ಎಂದ ಕುಶಾಲಪ್ಪ.

ಬಸ್ಸಿಗೆ ಮರಳುವಾಗ ಅವನ ಕೈಯಲ್ಲಿ ಒಂದು ಕಟ್ಟು ಬಸಳೆ ಇತ್ತು. ಲೋಲಾಕ್ಷಿ ಯಾವಾಗ ಕೊಟ್ಟಳೋ. ಒಲೆಯ ಮುಂದಿದ್ದ ಸುಗುಣಳನ್ನು ಬದಿಗೆ ಕರೆದು ಎಲ್ಲ ಹೇಳಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗುವುದಕ್ಕೋ ಹೆದರುವುದಕ್ಕೋ ಗೊತ್ತಾಗಲಿಲ್ಲ. "ಅಲ್ಲ ಮಾರಾಯ್ರೆ, ಅಷ್ಟು ದೊಡ್ಡ ಮರ, ಅಷ್ಟು ಬಳ್ಳಿ, ತುಳುನಾಡಲ್ಲಿ ಹುಟ್ಟಿದವರಿಗೆ ಬನ ಅಂತ ಗೊತ್ತಾಗ್ಲಿಲ್ವ? ಹೋಗಿ, ಈಗ್ಲೇ ಹೇಳಿ ಬನ್ನಿ." "ಹೇಳ್ಲಿಕ್ಕೇ ಹೋದದ್ದು." "ಹೇಳ್ಲಿಕ್ಕೆ ಹೋದವರು ಬಸಳೆ ತಂದ್ರಾ?" ಅಷ್ಟರಲ್ಲಿ ಕರ್ಕಡ ಮಂಚದ ಪರದೆ ಸರಿಸಿದ. ಬಸ್ಸಿನ ಮನೆಯಲ್ಲಿ ಗುಟ್ಟು ಎಂಬುದು ಇರುವುದಿಲ್ಲ ಎಂಬುದನ್ನು ಅದನ್ನು ಕಟ್ಟಿದವರು ಹೇಳಿರಲಿಲ್ಲ.

"ಹೇಳ್ಲಿಕ್ಕೆ ಇಲ್ಲ" ಎಂದ ಕರ್ಕಡ. ಮುಖ ಬಿಳಿಚಿತ್ತು. "ಎಬ್ಬಿ, ನಿನಗೆ ಮಂಡೆ ಉಂಟಾ? ಮಾತು ಒಮ್ಮೆ ಹೊರಗೆ ಬಿದ್ರೆ ಸಂಜೆಗೆ ನಮ್ಮ ಗಾಡಿಯ ಫೋಟೋ ಎಲ್ಲರ ಮೊಬೈಲಲ್ಲಿ. ಗೊತ್ತಿಲ್ಲದೆ ಮಾಡಿದ್ದು ಅಂತ ಯಾರು ನಂಬ್ತಾರೆ? ನಾಳೆ ಮಧ್ಯಾಹ್ನ ಹೇಗೂ ಹೊರಡುವುದು. ಕೇಳದ ಪ್ರಶ್ನೆಗೆ ಉತ್ತರ ಬೇಡ."

"ಹುಡುಗಿ ಬಸುರಿ, ಭಾವ."

"ಹಾಗಾದ್ರೆ ನೀನು ಅದನ್ನು ನಂಬ್ತೀಯಾ?"

"ನಾನು ನಂಬುವುದಿಲ್ಲ. ಅವರು ನಂಬ್ತಾರಲ್ಲ."

ಈ ಉತ್ತರ ಕರ್ಕಡನಿಗೆ ಹಿಡಿಸಲಿಲ್ಲ. ಜತ್ತನ್ನನಿಗೂ ಅದರ ಮೇಲೆ ಪೂರ್ತಿ ಭರವಸೆ ಇರಲಿಲ್ಲ, ಚಪ್ಪಲಿಯ ವಿಷಯವನ್ನು ಅವನು ಭಾವನಿಗೆ ಹೇಳಿರಲಿಲ್ಲ. ಹೊರಗೆ ಟಯರಿಗೆ ಒರಗಿ ಕೂತಿದ್ದ ಡ್ರೈವರ್ ಮೊಯಿದಿನಬ್ಬನ ಹತ್ತಿರ ಹೋಗಿ ಕೂತ. ಪುಂಜಾಲಕಟ್ಟೆಯ ಮೊಯಿದಿನಬ್ಬ ಬಸ್ಸು ಓಡಿಸಿ ತಲೆ ಹಣ್ಣಾದವನು, ಕೂಟದ ಹಾಡುಗಳೆಲ್ಲ ಎರಡೇ ದಿನಕ್ಕೆ ಅವನ ಬಾಯಿಗೆ ಬಂದಿದ್ದವು. ಎಲ್ಲವೂ ಅವನ ಕಿವಿಗೆ ಬಿದ್ದಾಗಿತ್ತು. "ನೀವೇನು ಹೇಳ್ತೀರಿ ಮೊಯಿದಿನಬ್ಬಾಕ?" ಎಂದು ಜತ್ತನ್ನ ಕೇಳಿದಾಗ ಅವನು ಎರಡೂ ಕೈ ಎತ್ತಿದ. "ನನ್ನನ್ನು ಇದಕ್ಕೆ ಹಾಕ್ಬೇಡಿ ಸಾರ್. ನೀವು ಚೆಲ್ಲಿದ್ರೆ ತಪ್ಪು. ಗಾಡಿಯಲ್ಲಿ ನಾನೊಬ್ಬ ಇದ್ದೆ ಅಂತ ಗೊತ್ತಾದ್ರೆ ಅದು ಸಂಚು ಆಗ್ತದೆ." ಹೇಳಿ ನಕ್ಕ. ಜತ್ತನ್ನನೂ ನಕ್ಕ, ಆಮೇಲೆ ಇಬ್ಬರೂ ನಗುವುದನ್ನು ನಿಲ್ಲಿಸಿದರು.

ಮಧ್ಯಾಹ್ನ ಎಲ್ಲರೂ ಮಲಗಿದಾಗ ಜತ್ತನ್ನನಿಗೆ ಒಂದು ಉಪಾಯ ಹೊಳೆಯಿತು. ಹೇಳಿ ತೊಳೆಯುವುದಕ್ಕಿಂತ ತೊಳೆದು ಹೇಳುವುದು ಸುಲಭ. ಹೊಳೆಯಿಂದ ಒಂದು ಬಕೆಟ್ ನೀರು ತುಂಬಿ ಕಳ್ಳನ ಹಾಗೆ ಬನದ ಹತ್ತಿರ ಹೋದ. ಅಂಚಿಗೆ ಬಂದವನು ನಿಂತುಬಿಟ್ಟ. ಒಳಗೆ ಕಾಲಿಟ್ಟರೆ ಅದೊಂದು ಬೇರೆ ತಪ್ಪು. ಇಲ್ಲಿಂದಲೇ ಎರಚಿದರೆ ಬೆಳಿಗ್ಗೆಯ ತಪ್ಪು ಇನ್ನಷ್ಟು ಒಳಗೆ ಹೋಗುತ್ತದೆ. ಬಕೆಟು ಬಸ್ಸಿನದ್ದು, ಅದರಲ್ಲಿ ನಿನ್ನೆ ಏನು ತೊಳೆದರೋ ದೇವರೇ ಬಲ್ಲ. ಹಾಗೆ ಬಕೆಟು ಹಿಡಿದು, ಬರಿಗಾಲಲ್ಲಿ, ಮುಂದೆಯೂ ಹೋಗದೆ ಹಿಂದೆಯೂ ಬಾರದೆ ನಿಂತಿದ್ದಾಗ ಅವನಿಗೆ ಹಳೆಯದೊಂದು ಅವಮಾನ ನೆನಪಾಯಿತು. ಸಭೆಯ ಮನೆಕೂಟಗಳಲ್ಲಿ ಪ್ರಾರ್ಥನೆ ಸರದಿಯಲ್ಲಿ ನಡೆಯುತ್ತದೆ, ಒಬ್ಬರು ಆಮೆನ್ ಎಂದ ಕೂಡಲೇ ಬದಿಯವರು ಶುರುಮಾಡಬೇಕು. ಸಾವಿನ ಬಗ್ಗೆ, ಬೋನಸ್ಸಿನ ಬಗ್ಗೆ ಇಡೀ ಬೆಳ್ತಂಗಡಿ ತಾಲೂಕಿಗೆ ನೀರಿಳಿದ ಹಾಗೆ ಮಾತಾಡುವ ಜತ್ತನ್ನನಿಗೆ ಅಲ್ಲಿ ನಾಲಗೆ ಏಳುವುದಿಲ್ಲ. ಅವನ ಹತ್ತಿರ ಇದ್ದದ್ದು ತಾಯಿ ಕಲಿಸಿದ ಒಂದೇ ಪ್ರಾರ್ಥನೆ, ಎತ್ತರದ ಕನ್ನಡದ್ದು, ನಡುವೆ ಹೆಸರು ಸೇರಿಸಲು ಜಾಗ ಬಿಟ್ಟದ್ದು. ಹುಟ್ಟುಹಬ್ಬ, ಗೃಹಪ್ರವೇಶ, ಶವಸಂಸ್ಕಾರ, ಎಲ್ಲಕ್ಕೂ ಅದೇ. ಕರ್ಕಡನ ಮಗನ ನಿಶ್ಚಿತಾರ್ಥದಲ್ಲಿ ಆ ಜಾಗಕ್ಕೆ ಮದುಮಗನ ಹೆಸರು ಹಾಕಿ, 'ಇವರ ಅಗಲಿಕೆಯ ದುಃಖವನ್ನು ಭರಿಸುವ ಶಕ್ತಿಯನ್ನು ಕೊಡು' ಎಂದು ಮುಗಿಸಿದ್ದ. ಹುಡುಗಿಯ ತಾಯಿ ಅತ್ತುಬಿಟ್ಟಿದ್ದರು. ಅಂದಿನಿಂದ ಸರದಿ ಹತ್ತಿರ ಬರುವಾಗ ಚಹಾ ಆಯಿತೋ ನೋಡಿ ಬರುತ್ತೇನೆ ಎಂದು ಏಳುವುದು ಅವನಿಗೆ ರೂಢಿ. ದೇವರ ಮುಂದೆ ಇಷ್ಟು ಸಲ ಚಹಾ ನೋಡಲು ಎದ್ದುಹೋದ ಮನುಷ್ಯ ಬೇರೆ ಇರಲಿಕ್ಕಿಲ್ಲ.

"ಏನು ನೋಡುದು ಏಜೆಂಟ್ರೇ?"

ಲೋಲಾಕ್ಷಿ. ತಲೆಯ ಮೇಲೆ ಹುಲ್ಲಿನ ಕಟ್ಟು.

"ಮರ" ಎಂದ ಜತ್ತನ್ನ. "ಒಳ್ಳೆ ಮರ."

ಅವಳು ಮರವನ್ನು ನೋಡಿದಳು. ಆಮೇಲೆ ಬಕೆಟನ್ನು ನೋಡಿದಳು. "ನೋಡಿ ನೋಡಿ" ಎಂದಳು. "ಬಿಸಿಲುಂಟು, ಮಜ್ಜಿಗೆ ಕುಡಿದು ಹೋಗಿ." ಇನ್ನೇನು ಬಾಯಿಗೆ ಬಂದಿದ್ದ ವಾಕ್ಯವನ್ನು ಅವನು ಮಜ್ಜಿಗೆಯ ಜತೆ ಕುಡಿದ. ಅದರಲ್ಲಿ ಶುಂಠಿ ಇತ್ತು, ಕಣ್ಣಲ್ಲಿ ನೀರು ಬಂತು. ಈ ಹೆಂಗಸು ಒಂದು ಸಲವಾದರೂ ತನಗೆ ಗದರಬಾರದೇ ಎಂದು ಅವನಿಗೆ ಅನ್ನಿಸಿತು. ಗದರಿದ್ದರೆ ಹೇಳಬಹುದಿತ್ತು.

ಸಂಜೆ ಹೊಳೆಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಅರ್ಧವೃತ್ತವಾಗಿ ಇಟ್ಟರು. ಕುಶಾಲಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಲೋಲಾಕ್ಷಿ ಮಿಂದು ಮಲ್ಲಿಗೆ ಮುಡಿದು, ಮದುವೆಮನೆಗೆ ಬಂದವರ ಹಾಗೆ ಬಂದು ಎದುರಿನ ಸಾಲಿನಲ್ಲಿ ಕೂತರು. ಕರ್ಕಡನಿಗೆ ಆದ ಸಂತೋಷ ಮುಖದಲ್ಲಿ ಹಿಡಿಸುತ್ತಿರಲಿಲ್ಲ. ಹೊರಗಿನವರು ಅವನ ಕೂಟಕ್ಕೆ ಕಾಲಿಟ್ಟದ್ದು ಇದೇ ಮೊದಲು, ಅದೂ ಎಬ್ಬಿಯಂಥವನು ಕರೆದು. ಹಾಡಾಯಿತು, ಮೊಯಿದಿನಬ್ಬ ದೂರದಲ್ಲಿ ಟಯರಿಗೆ ಒರಗಿ ಬೆರಳಲ್ಲಿ ತಾಳ ಹಾಕಿದ. ಆಮೇಲೆ ಸಾಕ್ಷಿಗಳು. ಒಬ್ಬರು ಕುಡಿತ ಬಿಟ್ಟದ್ದನ್ನು ಹೇಳಿದರು, ಒಬ್ಬರು ಪಿತ್ತಕೋಶದ ಕಲ್ಲು ಕರಗಿದ್ದನ್ನು ಹೇಳಿದರು. ಕುಶಾಲಪ್ಪ ಪ್ರತಿಯೊಂದಕ್ಕೂ ತಲೆಯಾಡಿಸಿ, ಕಲ್ಲಿನವರ ಹತ್ತಿರ ಬಾಳೆದಿಂಡಿನ ರಸ ಕುಡಿದಿರಾ ಎಂದು ಮೆಲ್ಲನೆ ವಿಚಾರಿಸಿದ. ಜತ್ತನ್ನನಿಗೆ ಇದ್ಯಾವುದೂ ಸರಿಯಾಗಿ ಕೇಳುತ್ತಿರಲಿಲ್ಲ. ಅವನು ನೋಡುತ್ತಿದ್ದದ್ದು ಲೋಲಾಕ್ಷಿಯ ಕೈಗಳನ್ನು. ಆ ಕೈಗಳು ಮಡಿಲಲ್ಲಿ ಸುಮ್ಮನೆ ಕೂತಿದ್ದವು, ಯಾವುದಕ್ಕೋ ಕಾಯುವ ಹಾಗೆ. "ಈಗ ನಮ್ಮ ಜತ್ತನ್ನರು" ಎಂದ ಕರ್ಕಡ. "ವಿಮೆಯವರು. ಎಂದೂ ಮುಗಿಯದ ವಿಮೆಯ ಬಗ್ಗೆ ಎರಡು ಮಾತು ಹೇಳ್ತಾರೆ."

ಚಹಾ ಆಗಿತ್ತು, ಫ್ಲಾಸ್ಕಿನಲ್ಲಿ ಎದುರಿಗೇ ಇತ್ತು. ಏಳಲು ಬೇರೆ ಕಾರಣ ಸಿಗದೆ ಜತ್ತನ್ನ ಎದ್ದು ನಿಂತ. ಎಲ್ಲರೂ ನೋಡಿದರು. ನಾಳೆ ಮಧ್ಯಾಹ್ನ, ಎಂದು ಅವನು ಲೆಕ್ಕ ಹಾಕಿದ, ನಾಳೆ ಮಧ್ಯಾಹ್ನ ಬಸ್ಸು ಹೊರಟರೆ ಎಲ್ಲ ಮುಗಿಯುತ್ತದೆ. ಮನೆಯ ಕಡೆಯಿಂದ ಆ ಹುಡುಗಿ ಯಾರನ್ನೋ ಕರೆದು ನೀರು ಕೇಳಿದ್ದು ಕಿವಿಗೆ ಬಿತ್ತು.

"ನಾನು," ಎಂದ, "ನಾನು ಇವತ್ತು ಬೆಳಿಗ್ಗೆ ನೀರು ಬಿಟ್ಟೆ."

ಜೀವಜಲದ ಮೇಲೆ ದೃಷ್ಟಾಂತ ಶುರುವಾಯಿತೆಂದು ಹಿಂದಿನಿಂದ ಯಾರೋ "ಸ್ತೋತ್ರ!" ಎಂದರು. ಕರ್ಕಡ ಮಾತ್ರ ಕಣ್ಣುಮುಚ್ಚಿಕೊಂಡ.

"ಪಾತ್ರೆ ತೊಳೆದ ನೀರು. ಇವರ ನಾಗಬನಕ್ಕೆ. ನನಗೆ ಬನ ಅಂತ ಗೊತ್ತಿರ್ಲಿಲ್ಲ. ಗೊತ್ತಾದ ಮೇಲೆ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ. ಎರಡು ಸಲ ಬಂದೆ. ದೋಸೆ ತಿಂದೆ, ಮಜ್ಜಿಗೆ ಕುಡಿದೆ." ಇನ್ನೂ ಏನೋ ಇತ್ತು, ಬರಲಿಲ್ಲ. "ಇಷ್ಟೇ ನನ್ನ ಸಾಕ್ಷಿ" ಎಂದು ಕೂತುಬಿಟ್ಟ.

ಕುಶಾಲಪ್ಪ ನಿಧಾನವಾಗಿ ಎದ್ದ, ಮುಂಡಿನ ತುದಿ ಸರಿಮಾಡಿಕೊಂಡ, ಯಾರ ಮುಖವನ್ನೂ ನೋಡದೆ ಮನೆಯ ಕಡೆ ನಡೆದ. ಹಿಂದೆಯೇ ಲೋಲಾಕ್ಷಿ. ಅವರು ಮರೆಯಾದ ಕೂಡಲೇ ಕರ್ಕಡ, "ಮಡಚಿ, ಎಲ್ಲ ಮಡಚಿ, ಊಟ ದಾರಿಯಲ್ಲಿ ನೋಡುವ" ಎಂದ. ಎರಡು ದಿನ ಹಿಡಿದು ಕಟ್ಟಿದ ಅನ್ಯೋನ್ಯತೆ ಕುರ್ಚಿಗಳ ಜತೆ ಐದು ನಿಮಿಷದಲ್ಲಿ ಬಸ್ಸಿನ ಹೊಟ್ಟೆ ಸೇರಿತು. ಪಿತ್ತಕೋಶದವರು ಮೊದಲು ಹತ್ತಿದರು. ಮೊಯಿದಿನಬ್ಬ ಬಸ್ಸನ್ನು ತಿರುಗಿಸಿ ಮೂತಿಯನ್ನು ರಸ್ತೆಗೆ ಮಾಡಿದ. ಜತ್ತನ್ನನೊಬ್ಬ ನಿಂತಲ್ಲೇ ನಿಂತಿದ್ದ. ಹೇಳಿದ ಮೇಲೆ ಹಗುರವಾಗುತ್ತದೆ ಎಂದು ಸಭೆಯ ಪಾಲಕರು ಎಷ್ಟೋ ಸಲ ಹೇಳಿದ್ದರು, ಅವನಿಗೆ ಹಾಗೇನೂ ಆಗಲಿಲ್ಲ. ಒಂದು ಶಬ್ದವನ್ನು ಅವನು ನುಂಗಿದ್ದ. ಪಾತ್ರೆ ತೊಳೆದ ನೀರು ಎಂದಿದ್ದ. ಸುಳ್ಳಲ್ಲ, ಪಾತ್ರೆಯನ್ನೂ ತೊಳೆದದ್ದೇ. ಅಷ್ಟು ಜನರ ಮುಂದೆ, ಕೊನೆಯ ಗಳಿಗೆಯಲ್ಲಿ, ನಾಲಗೆ ಮೀನನ್ನು ಹಿಂದೆ ಬಿಟ್ಟಿತ್ತು. ಏಜೆಂಟನ ನಾಲಗೆ, ಕಂತಿನ ವಿಷಯ ಮೊದಲು ಹೇಳಿ ಷರತ್ತನ್ನು ಆಮೇಲೆ ನೋಡುವ ಎನ್ನುವ ನಾಲಗೆ. ಅವನಿಗೆ ತನ್ನ ಮೇಲೆ ನಿಜವಾಗಿ ಅಸಹ್ಯವಾಯಿತು.

ಆಗ ತೋಟದೊಳಗಿಂದ ಬೆಳಕೊಂದು ಬಂತು. ಕುಶಾಲಪ್ಪ ಬಿಳಿ ಅಂಗಿ ಕಳಚಿ, ಮಿಂದು ಮೈ ಒರೆಸಿದ ಒದ್ದೆ ಬೈರಾಸು ಹೊದ್ದು, ಒಂದು ಕೈಯಲ್ಲಿ ದೀಪ, ಇನ್ನೊಂದರಲ್ಲಿ ಎಳನೀರು ಹಿಡಿದಿದ್ದ. ಹಿಂದೆ ಲೋಲಾಕ್ಷಿ ಹರಿವಾಣದಲ್ಲಿ ಎಲೆ ಅಡಿಕೆ ಹಿಡಿದು ಬರುತ್ತಿದ್ದಳು.

"ಬನ್ನಿ" ಎಂದ ಕುಶಾಲಪ್ಪ.

"ಯಾರು?" ಎಂದ ಕರ್ಕಡ ಬಸ್ಸಿನ ಬಾಗಿಲಿನಿಂದ.

"ಚೆಲ್ಲಿದವರು. ನಾಳೆ ಭಟ್ರು ಬಂದು ಶುದ್ಧ ಮಾಡ್ತಾರೆ, ಅದು ನಮ್ಮ ಕೆಲಸ. ತಪ್ಪು ಕಾಣಿಕೆ ನಾನು ಇಡ್ತೇನೆ. ಆದ್ರೆ ತಪ್ಪನ್ನು ಮಾಡಿದವರೇ ಅಲ್ಲಿ ನಿಂತು ಹೇಳ್ಬೇಕು. ಬೇರೆಯವರು ಹೇಳಿದ್ರೆ ಆಗುದಿಲ್ಲ."

ಕರ್ಕಡ ಕೆಳಗಿಳಿದ. ಮರ್ಯಾದೆ ಬಿಡದೆ ಹೇಳಿದ, "ಗೌಡ್ರೇ, ಬೇಸರ ಮಾಡ್ಬೇಡಿ. ನಮ್ಮಲ್ಲಿ ಕಲ್ಲಿಗೆ ಕೈ ಮುಗಿಯುವ ಕ್ರಮ ಇಲ್ಲ."

"ಅದಕ್ಕೆ ಮುಗೀರಿ ಅಂತ ನಾನು ಹೇಳ್ಲಿಲ್ಲ" ಎಂದ ಕುಶಾಲಪ್ಪ. "ನಿಮ್ಮದಕ್ಕೇ ಮುಗೀರಿ. ಅಲ್ಲಿ ನಿಂತು ಮುಗೀರಿ."

ಕರ್ಕಡ ಸುಗುಣಳನ್ನು ನೋಡಿದ, ಸುಗುಣ ಗಂಡನನ್ನು ನೋಡಿ ಹೋಗಿ ಎಂಬಂತೆ ಗಲ್ಲ ಎತ್ತಿದಳು. ಹೋಗುವ ಮೊದಲು ಮೀಯಬೇಕಿತ್ತು. ಬಾವಿಕಟ್ಟೆಯಲ್ಲಿ ಲೋಲಾಕ್ಷಿ ಸೇದಿ ಕೊಟ್ಟ ನೀರು ಎಲುಬಿಗೆ ತಾಗುವಷ್ಟು ತಣ್ಣಗಿತ್ತು. ಜತ್ತನ್ನನ ಒಣಬಟ್ಟೆಗಳೆಲ್ಲ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಕುರ್ಚಿಗಳ ಅಡಿಯಲ್ಲಿ. ಮೊಯಿದಿನಬ್ಬ ಸೀಟಿನ ಹಿಂದಿನಿಂದ ತನ್ನ ಒಗೆದ ಚೌಕುಳಿ ಲುಂಗಿಯನ್ನು ತೆಗೆದು, "ಇದು ಉಡಿ ಸಾರ್. ಆದ್ರೆ ಯಾರದ್ದು ಅಂತ ಕೇಳಿದ್ರೆ ನನ್ನ ಹೆಸರು ಹೇಳ್ಬೇಡಿ" ಎಂದ. ಪೇಪರಿನವರು ಕಂಡಿದ್ದರೆ ಸೌಹಾರ್ದ ಎಂದು ಫೋಟೋ ಹಾಕುತ್ತಿದ್ದರು. ಜತ್ತನ್ನನಿಗೆ ಗೊತ್ತಿದ್ದದ್ದು ಚಳಿ ಮಾತ್ರ, ಮತ್ತೆ ಲುಂಗಿ ಅವನಿಗೆ ಅಗಲ ಸಾಲುತ್ತಿರಲಿಲ್ಲ. ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡೇ ದೀಪದ ಹಿಂದೆ ನಡೆದ. "ಎಬ್ಬಿ, ಮೊಣಕಾಲು ಊರಬೇಡ" ಎಂದು ಕರ್ಕಡ ಹಿಂದಿನಿಂದ ಕೂಗಿದ.

ಬನದ ಅಂಚಿನಲ್ಲಿ ಕುಶಾಲಪ್ಪ ದೀಪ ಇಟ್ಟ, ಎಲೆ ಅಡಿಕೆ ಇಟ್ಟ, ಬದಿಗೆ ಸರಿದು ಕೈಕಟ್ಟಿ ನಿಂತ. ಕತ್ತಲು ಇನ್ನೂ ಪೂರ್ತಿ ಇಳಿದಿರಲಿಲ್ಲ, ಕಲ್ಲುಗಳು ಕಾಣುತ್ತಿದ್ದವು. ಜತ್ತನ್ನ ಮುತ್ತಜ್ಜನನ್ನು ನೆನೆದ. ಮುತ್ತಜ್ಜ ಇಂಥದ್ದೇ ಒಂದು ಕಟ್ಟೆಗೆ ಬೆನ್ನು ಹಾಕಿ ಹೊರಟವನು, ಆ ಹೊರಡುವಿಕೆಯಿಂದಲೇ ತಾನು ಹುಟ್ಟಿದ್ದು. ಅವನಿಗೆ ಈಗ ತನ್ನನ್ನು ಕಂಡರೆ ಏನನ್ನಿಸಬಹುದು? ಕಲ್ಲಿಗೆ ಬೆನ್ನು ಹಾಕು ಎಂದಾನು. ಆದರೆ ಪಕ್ಕದಲ್ಲಿ ನಿಂತ ಮನುಷ್ಯರಿಗೆ ಬೆನ್ನು ಹಾಕು ಎಂದಾನೇ? ಜತ್ತನ್ನ ಕಣ್ಣುಮುಚ್ಚಿ ತಾಯಿಯ ಪ್ರಾರ್ಥನೆಯನ್ನು ಹುಡುಕಿದ. ಕೃಪಾಳುವಾದ ತಂದೆಯೇ ಎಂದು ಶುರುವಾಗುವ ಅದು ಬಂತು, ಹೆಸರಿನ ಜಾಗದವರೆಗೆ ಬಂತು. ಆ ಜಾಗದಲ್ಲಿ ಹಾಕುವುದು ಯಾರ ಹೆಸರನ್ನು? ತನ್ನದನ್ನೇ ಹಾಕಬೇಕೆಂದು ಹೊಳೆದ ಕೂಡಲೇ ಮುಂದಿನ ಸಾಲುಗಳು ಬಿದ್ದುಹೋದವು. ಸರದಿಯಲ್ಲಿ ಮುಂದೆ ಯಾರೂ ಇರಲಿಲ್ಲ, ಹಿಂದೆಯೂ ಯಾರೂ ಇರಲಿಲ್ಲ.

"ತಪ್ಪಾಂಡ್" ಎಂದ.

ಅದು ತುಳು. ದೇವರ ಹತ್ತಿರ ಅವನು ಎಂದೂ ತುಳು ಆಡಿದವನಲ್ಲ. ಮೊದಲ ಮಾತು ಹೊರಬಿದ್ದ ಮೇಲೆ ಉಳಿದದ್ದು ಅದರ ಹಿಂದೆಯೇ ಬಂತು. ತಪ್ಪಾಯಿತು, ನಾನು ನೋಡಲಿಲ್ಲ, ನೋಡಿದ ಮೇಲೆ ಅಡಗಿಸಿದೆ. ನನ್ನ ಅಪ್ಪ ದೇವರೇ, ಈ ಮನೆಯವರಿಗೆ ಇದರಿಂದ ಏನೂ ಆಗಬಾರದು. ಆ ಹುಡುಗಿಗೆ ಏನೂ ಆಗಬಾರದು, ಹೊಟ್ಟೆಯಲ್ಲಿರುವುದಕ್ಕೂ ಆಗಬಾರದು. ಲೆಕ್ಕ ಇದ್ದರೆ ನನ್ನ ತಲೆಯ ಮೇಲೆ ಇರಲಿ, ಇವರನ್ನು ಹುಡುಕಬೇಡ. ಹೀಗೆ, ತೋಟದ ಬೇಲಿಯ ಆಚೆ ಇದ್ದವನನ್ನು ಕರೆದು ಮಾತಾಡುವ ಹಾಗೆ, ಗಟ್ಟಿಯಾಗಿ ಹೇಳಿದ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಲುಂಗಿ ಬಿಟ್ಟು ಒರೆಸಿಕೊಳ್ಳುವ ಹಾಗಿರಲಿಲ್ಲ. ಎಲ್ಲ ಮುಗಿದ ಮೇಲೆ ಇಲ್ಲಿ ಆಮೆನ್ ಎನ್ನಬಹುದೋ ಇಲ್ಲವೋ ಗೊತ್ತಾಗದೆ ಸುಮ್ಮನೆ ನಿಂತ.

ಆಮೇಲೆ ಲೋಲಾಕ್ಷಿ, ತುಳುವಿನಲ್ಲಿ ಶುರುಮಾಡಿದವಳು, ಅವನ ಮೇಲಿನ ಗೌರವಕ್ಕೆ ಪುನಃ ಕನ್ನಡಕ್ಕೆ ಬಂದು ಹೇಳಿದಳು:

"ಮೀನಿಂದು ಹೇಳ್ಲಿಲ್ಲ ನೀವು."

ಜತ್ತನ್ನ ಕಣ್ಣು ತೆರೆದ.

"ಅಲ್ಲಿಯೂ ಪಾತ್ರೆ ಅಂದ್ರಿ. ಇಲ್ಲಿಯೂ ಮೀನು ಬರ್ಲಿಲ್ಲ."

"ನಿಮಗೆ..."

"ಬೆಳಿಗ್ಗೆ ನಿಮ್ಮನ್ನು ಕರೀಲಿಕ್ಕೆ ಬಂದವಳು ನಾನೇ ಅಲ್ವಾ. ನನಗೆ ಕಣ್ಣಿಲ್ವಾ, ಮೂಗಿಲ್ವಾ?"

"ಗೊತ್ತಿದ್ದೂ ನೀವು ದೋಸೆ..." ಎಂದ ಜತ್ತನ್ನ. "ಕೇಳ್ಬಹುದಿತ್ತಲ್ಲ ಅಕ್ಕ. ಒಂದು ಮಾತು ಬೈಬಹುದಿತ್ತು."

ಲೋಲಾಕ್ಷಿ ಗಂಡನನ್ನು ನೋಡಿದಳು. ಉತ್ತರ ಕೊಟ್ಟದ್ದು ಕುಶಾಲಪ್ಪ. "ನಾವು ಹೇಳಿದ್ರೆ ಅದು ಜಗಳ ಆಗ್ತದೆ ಜತ್ತನ್ನರೇ. ಊರೆಲ್ಲ ಬರ್ತದೆ. ನೀವು ಹೇಳಿದ್ರೆ ತಪ್ಪು ಆಗ್ತದೆ. ತಪ್ಪಿಗಾದ್ರೆ ದಾರಿ ಉಂಟು. ಇಡೀ ದಿನ ಅದಕ್ಕೇ ಕಾದದ್ದು. ಕೂಟಕ್ಕೆ ಬಂದದ್ದೂ ಅದಕ್ಕೇ." ಬೈರಾಸನ್ನು ಹೆಗಲಿಗೆ ಸರಿಯಾಗಿ ಹಾಕಿಕೊಂಡು, ದೀಪದ ಬತ್ತಿಯನ್ನು ಸ್ವಲ್ಪ ಮುಂದೆ ಮಾಡಿದ. "ಪೂರ್ತಿ ಹೇಳಿಬಿಡಿ. ಮಗಳು ಊಟಕ್ಕೆ ಕಾಯ್ತಾ ಇದ್ದಾಳೆ."

ಜತ್ತನ್ನ ಲುಂಗಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಮೊದಲಿನಿಂದ ಪ್ರಾರ್ಥನೆ ಶುರುಮಾಡಿದ. ಈ ಸಲ ಬಂಗುಡೆಯಿಂದ.